ಮೋಟಾರಿನ ತೀರ್ಥ

ಮೋಟಾರು ಟ್ಯೂನಿಂಗ್ ಮಾಡುವಾಗ ನಮ್ಮ ಭಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಗದ್ದ ಎದೆಗೆ ತಾಗುವಷ್ಟು ತಲೆ ತಗ್ಗಿಸಿ, ಬಲಗಿವಿಯನ್ನು ಇಂಜಿನ್ ಕಡೆ ವಾಲಿಸಿ, ಸ್ಕ್ರೂಡ್ರೈವರನ್ನು ವಿಭೂತಿ ಹಿಡಿದ ಹಾಗೆ ಮೂರು ಬೆರಳಲ್ಲಿ ಹಿಡಿದು ಕೂತರೆ, ಕರೆದರೂ ಕೇಳಿಸುತ್ತಿರಲಿಲ್ಲ. ಅಷ್ಟು ಸಲ ಕಂಡಿದ್ದ ಆ ಭಂಗಿಯೇ ಕೊನೆಗೆ ನನಗೆ ಮೋಸ ಮಾಡಿತು.

ಅವರು ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ಬೇಲೂರಿನ ನಮ್ಮ ಮನೆಯಲ್ಲೇ ಇದ್ದರು. ಯಗಚಿ ಹಿನ್ನೀರಿನ ದೋಣಿಗಳ ಹಿಂಬದಿಗೆ ಬಿಗಿಯುವ ಮೋಟಾರುಗಳನ್ನು ಹಿತ್ತಲಲ್ಲಿ ರಿಪೇರಿ ಮಾಡುತ್ತಿದ್ದರು. ಅವರದೇ ಒಂದು ಮೋಟಾರಿತ್ತು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಹಳೇ ಕಾಲದ್ದು. ಯಜಮಾನರು "ಅದನ್ನ ಗುಜರಿಗೆ ಹಾಕಣ್ಣ" ಅಂದರೆ, "ನಿನ್ನೂ ಜೊತೇಲೇ ತೂಕಕ್ಕೆ ಹಾಕ್ತೀನಿ, ಬಾರ್ಲಾ" ಅನ್ನುತ್ತಿದ್ದರು.

ನಾನು ರೈಲು ನಿಲ್ಲುವ ಬಾಣಾವರದವಳು. "ರೈಲೂರಿನೋಳಿಗೆ ನೀರಿನ ಗಾಡಿ ಏನ್ ಗೊತ್ತಾದಾತು" ಎಂದು ಛೇಡಿಸುತ್ತಲೇ ನನಗೂ ಕಲಿಸಿದರು. ನೀರು ತುಂಬಿದ ಡ್ರಮ್ಮಿನ ಅಂಚಿಗೆ ಮೋಟಾರು ಬಿಗಿದು ಹಗ್ಗ ಎಳೆದರೆ, ಅದು ಕೆಳಗಿನಿಂದ ನೀರು ಹೀರಿ ತನ್ನನ್ನು ತಾನೇ ತಂಪು ಮಾಡಿಕೊಂಡು, ಪಕ್ಕದ ಸಣ್ಣ ತೂತಿನಿಂದ ಧಾರೆ ಬಿಡಬೇಕು. ಆ ಧಾರೆಗೆ ಭಾವ ಇಟ್ಟ ಹೆಸರು ತೀರ್ಥ. "ತೀರ್ಥ ಬತ್ತೈತಾ ನೋಡಮ್ಮ. ಬರ್ದಿದ್ರೆ ಒಳಗೆ ಸುಡ್ತೈತೆ ಅಂತ. ಈ ಕೆಂಪು ಗುಂಡಿ ಒತ್ತಿ ನಿಲ್ಲಿಸ್ಬಿಡು, ನನ್ನ ಕೇಳ್ತಾ ನಿಂತ್ಕಬ್ಯಾಡ."

ಒಂದು ಸಲ ಆಯುಧಪೂಜೆಯ ಮಾರನೆಯ ದಿನ ತೀರ್ಥ ಬರಲಿಲ್ಲ. ಭಾವ ಮೋಟಾರಿನ ಕೆಳಭಾಗವನ್ನೇ ಕಳಚಿ, ನೀರೆತ್ತುವ ರಬ್ಬರಿನ ಚಕ್ರ ತೆಗೆದು ನೋಡಿದರು. ಅದು ಹೊಸದರಂತಿತ್ತು. ಊಟವನ್ನೂ ಮರೆತು ಹುಡುಕಿದರು. ಸಂಜೆಗೆ ಆ ತೂತಿಗೇ ತಂತಿ ಚುಚ್ಚಿದಾಗ ಬಿಳೀ ಪುಡಿ ಉದುರಿತು. ನಮ್ಮ ಅತ್ತೆ ಪೂಜೆಯಲ್ಲಿ ಭಕ್ತಿಯಿಂದ ಮೆತ್ತಿದ್ದ ವಿಭೂತಿ!

"ಅವ್ವಾ, ಶಿವನ ಗಂಗೇನೇ ಕಟ್ಟಾಕ್ಬಿಟ್ಟಲ್ಲವ್ವಾ!"

"ನಿನ್ ಶಿವಂಗೆ ತೂತು ಎಲ್ಲೈತೆ ಅಂತ ನೀನು ಮೊದ್ಲೇ ಹೇಳ್ಬೇಕಿತ್ತು ಕಣ್ಲಾ" ಎಂದರು ಅತ್ತೆ.

ಅತ್ತೆಯ ತವರೂರು ಈಗ ಆ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿಗೆ ಒಮ್ಮೆ ಹೋಗಿ ಹೂವು ಬಿಟ್ಟು ಬರಬೇಕೆಂಬುದು ಅವರ ಬಹುದಿನದ ಆಸೆ. ಯಾವ ದೋಣಿಯಲ್ಲಾದರೂ ಹೋಗಬಹುದಿತ್ತು. ಭಾವ ಒಪ್ಪುತ್ತಿರಲಿಲ್ಲ. "ಮಗನ ಮೋಟಾರ್ ಇರುವಾಗ ಬ್ಯಾರೇರ ದೋಣೀಲಿ ತವರಿಗೆ ಹೋಯ್ತಾರಾ? ಇದು ಹದಕ್ಕೆ ಬರ್ಲಿ ತಡಿ." ಅತ್ತೆಯ ಮಂಡಿನೋವು ಹೆಚ್ಚುತ್ತಿತ್ತು, ಮೋಟಾರು ಮಾತ್ರ ಎರಡು ಕೆಮ್ಮು ಕೆಮ್ಮಿ ನಿಲ್ಲುತ್ತಿತ್ತು.

ಹೋದ ಕಾರ್ತಿಕದ ಒಂದು ಸೋಮವಾರ ಬೆಳಗ್ಗೆ ಅದು ನಿಲ್ಲಲಿಲ್ಲ. ಅಡುಗೆಮನೆಗೆ ಕೇಳಿಸಿದ್ದು ಒಂದೇ ಸಮನಾದ ಸದ್ದು. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ದೇವರಿಗೆ ಕೈಮುಗಿದು ಕಾಫಿ ತಗೊಂಡು ಹೋದೆ. ಭಾವ ಕಣ್ಣು ಮುಚ್ಚಿ, ಗದ್ದ ಎದೆಗಿಟ್ಟು, ಬಲಗಿವಿ ವಾಲಿಸಿ, ಡ್ರಮ್ಮಿಗೊರಗಿ ಕೂತಿದ್ದರು. ತೊಂದರೆ ಕೊಡಬಾರದೆಂದು ಲೋಟ ಪಕ್ಕದಲ್ಲಿಟ್ಟೆ.

ಅಷ್ಟರಲ್ಲಿ ಅತ್ತೆ ಹೊಸ ಸೀರೆಯುಟ್ಟು, ಹೂವಿನ ಬುಟ್ಟಿ ಹಿಡಿದು ಬಂದೇಬಿಟ್ಟರು. ಬುಟ್ಟಿ ಕೆಳಗಿಟ್ಟು, ಬಗ್ಗಿ ಧಾರೆಗೆ ಬೊಗಸೆಯೊಡ್ಡಿದರು. "ತೀರ್ಥ ಬಂತು ಕಣ್ಲಾ ಮಗಾ! ಏಳು, ಹೋಗನ."

ಆಗ ಕಂಡಿತು ನನಗೆ. ಸ್ಕ್ರೂಡ್ರೈವರ್ ನೆಲದ ಮೇಲಿತ್ತು. ಮೂರು ಬೆರಳು ಮಾತ್ರ ಹಿಡಿದ ಹಾಗೇ ಇದ್ದವು.

"ಭಾವಾ" ಎಂದು ಭುಜ ಮುಟ್ಟಿದೆ. ತಲೆ ಪಕ್ಕಕ್ಕೆ ಹೊರಳಿತು. ಮೋಟಾರಿನ ಸದ್ದೊಂದೇ. ಏನು ಮಾಡಬೇಕೋ ತಿಳಿಯದೆ, ಅವರು ಕಲಿಸಿದ್ದನ್ನೇ ಮಾಡಿದೆ. ಕೆಂಪು ಗುಂಡಿ ಒತ್ತಿದೆ.

"ಯಾಕೇ ನಿಲ್ಲಿಸ್ದೆ? ಬತ್ತಿತ್ತಲ್ಲ" ಎಂದು ತಿರುಗಿದ ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಮಗನ ಮುಖ.

ಹೃದಯ ನಿಂತಿದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಕೊನೆಗೆ ಅವರ ಕಿವಿಗೆ ಬಿದ್ದದ್ದು ಹದಕ್ಕೆ ಬಂದ ಮೋಟಾರಿನ ಸದ್ದು. ಅಷ್ಟಾದರೂ ದೇವರು ಕೊಟ್ಟನಲ್ಲ ಎಂದುಕೊಳ್ಳುತ್ತೇನೆ. ಆದರೂ ಎಲ್ಲಾದರೂ ಒಂದೇ ಸಮನೆ ಇಂಜಿನ್ ಓಡುವ ಸದ್ದು ಕೇಳಿದರೆ ಈಗಲೂ ಹೋಗಿ ಅದರ ಪಕ್ಕದಲ್ಲಿರುವವರನ್ನು ಮಾತಾಡಿಸಿ ಬರುತ್ತೇನೆ.

ಆ ಬೆಳಗ್ಗೆ ಒಳಗೆ ದೇವರ ಮುಂದೆ ನೀರು ತುಂಬಿದ ಚೊಂಬಿತ್ತು. ನನಗೆ ನೆನಪಾಗಲಿಲ್ಲ. ಅತ್ತೆ ಮೆಲ್ಲಗೆ ಕೂತು, ಬೊಗಸೆಯಲ್ಲಿ ಉಳಿದಿದ್ದ ಆ ಆಯಿಲ್ ವಾಸನೆಯ ನೀರನ್ನೇ ಮಗನ ತುಟಿಗೆ ಬಿಟ್ಟರು.