ಹದಿನಾಲ್ಕನೇ ನಂಬರಿನ ಜೆರ್ಸಿ

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಈ ವರ್ಷ ಹೇಗೆ ಆಡಿತು ಎಂದು ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: ನನ್ನ ತಮ್ಮ ಬದುಕಿದ ಹಾಗೆ ಆಡಿತು. ಅರ್ಧ ದಾರಿ ಚೆನ್ನಾಗಿ ಓಡುವುದು, ಆಮೇಲೆ ಯಾರಿಗೋ ದಾರಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುವುದು.

ನಮ್ಮ ಕಾಲೇಜು ಎಂದೆನಲ್ಲ, ನಾನು ಅಲ್ಲಿ ಓದಿದವಳೇನಲ್ಲ. ಅದರ ಗೇಟಿನ ಎದುರು ನನ್ನ ಜೆರಾಕ್ಸ್ ಅಂಗಡಿಯಿದೆ. ಪರೀಕ್ಷೆಯ ಹಿಂದಿನ ದಿನ ಓಡಿ ಬಂದು, ಇಡೀ ವರ್ಷದ ಪಾಠವನ್ನು ಅಂಗೈಯಷ್ಟು ಚೀಟಿಗೆ ಇಳಿಸಿಕೊಡಿ ಅಕ್ಕಾ ಎಂದು ಹಲ್ಲು ಕಿರಿಯುವ ಒಬ್ಬೊಬ್ಬನ ಯೋಗ್ಯತೆಯೂ ನನಗೆ ಗೊತ್ತು. ಆದರೂ ಆ ತಂಡ ಆಡುವಾಗಲೆಲ್ಲ ಷಟರ್ ಎಳೆದು ಹೋಗಿ ಆಟದ ಹಾಲಿನ ಮೇಲಿನ ಮೆಟ್ಟಿಲಲ್ಲಿ ಕೂರುತ್ತೇನೆ. ಹುಚ್ಚು ಅಂದುಕೊಳ್ಳಿ. ತಮ್ಮ ಕೋಚ್ ಆಗುವ ಎಷ್ಟೋ ಮುಂಚಿನಿಂದ ಇರುವ ಹುಚ್ಚು. ಅದರ ಕೀರ್ತಿ ಅವನಿಗೆ ಬೇಡ.

ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲೇ ಇರುತ್ತಾನೆ. ಮದುವೆ ಗೊತ್ತಾಗಿದ್ದ ಹುಡುಗಿಗೆ ಬೇರೆಯವನ ಮೇಲೆ ಮನಸ್ಸಿದೆ ಎಂದು ತಿಳಿದಾಗ, ತಾನೇ ಅವಳ ಅಪ್ಪನ ಹತ್ತಿರ ಹೋಗಿ ಅವರಿಬ್ಬರ ಪರವಾಗಿ ವಾದ ಮಾಡಿ ಬಂದ ಮಹಾನುಭಾವ. ಬ್ಯಾಂಕಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತು, "ನೀವು ಹೋಗಿ, ನೀವು ಹೋಗಿ" ಎನ್ನುತ್ತಾ ಕೌಂಟರ್ ಮುಚ್ಚಿದ ಮೇಲೆ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಇಂಥವನನ್ನು ಕಾಲೇಜಿನವರು ಕೋಚ್ ಮಾಡಿಕೊಂಡಿದ್ದರು. ಅದೂ ಕಾಯಂ ಅಲ್ಲ, ವರ್ಷ ವರ್ಷವೂ ಕೈಕಟ್ಟಿ ನಿಂತು ಮುಂದುವರಿಸಿಕೊಳ್ಳಬೇಕಾದ ಕೆಲಸ.

ಈ ಸಲ ಪ್ರಾಂಶುಪಾಲರು ಕರೆದು ಖಡಾಖಂಡಿತವಾಗಿ ಹೇಳಿದ್ದರು. ತಂಡ ಸೆಮಿಫೈನಲ್ ಮುಟ್ಟಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದು. ಈ ವಯಸ್ಸಿನಲ್ಲಿ ಅವನನ್ನು ಯಾರು ಕರೆಯುತ್ತಾರೆ? ನನಗೆ ಚಿಂತೆ ಹತ್ತಿತು. ಅವನಿಗೆ ಹತ್ತಲಿಲ್ಲ.

ಮೊದಲ ಆಟದಲ್ಲಿ ಎದುರಾಳಿಗಳಿಗೆ ಮಣ್ಣು ಮುಕ್ಕಿಸಿದೆವು. ನಮ್ಮ ತಂಡದಲ್ಲಿ ಕೊಕ್ಕರೆ ಎಂಬ ಉದ್ದನೆಯ ಹುಡುಗನಿದ್ದಾನೆ. ತಲೆಯಲ್ಲಿ ಏನೂ ಇಲ್ಲ, ಆದರೆ ಆ ತಲೆ ರಿಂಗಿನ ಹತ್ತಿರ ಇರುತ್ತದೆ, ಅಷ್ಟು ಸಾಕು. ಎರಡನೇ ಆಟದಲ್ಲೂ ಅವನು ಹಾಕಿದ್ದೇ ಹಾಕಿದ್ದು. ಗೆದ್ದೆವು ಎಂದು ನಾನು ಕಾಲು ಚಾಚುವ ಹೊತ್ತಿಗೆ ನನ್ನ ತಮ್ಮ ಕೊಕ್ಕರೆಯನ್ನು ಕರೆದು ಕೂರಿಸಿ, ಬೆಂಚಿನಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದ. ನೋಡನೋಡುತ್ತಿದ್ದಂತೆ ಮುನ್ನಡೆ ಕರಗಿ, ಸೋತೇ ಹೋದೆವು.

ಮೆಟ್ಟಿಲಿಳಿದು ಹೋಗಿ ಅಲ್ಲೇ ತರಾಟೆಗೆ ತೆಗೆದುಕೊಂಡೆ.

"ಏನೋ ಇದು? ತಲೆ ನೆಟ್ಟಗಿದೆಯಾ ನಿಂಗೆ?"

"ಪಾಪ ಅಕ್ಕ, ಅವ್ರೂ ಬೆಳಿಗ್ಗೆ ಎದ್ದು ಪ್ರಾಕ್ಟೀಸಿಗೆ ಬರ್ತಾರೆ."

"ಪಾಪ ಅಂತೆ! ಪಾಪ ಅಂದವ್ರಿಗೆ ಕಪ್ ಕೊಡ್ತಾರೇನೋ?"

ಇಡೀ ಸೀಸನ್ ಇದೇ ಹಾಡು. ಒಂದು ಗೆಲ್ಲುವುದು, ಒಂದು ಸೋಲುವುದು. ಆಮೇಲೆ ದೊಡ್ಡ ಮುನ್ನಡೆ ಸಿಗದಿದ್ದ ಆಟಗಳನ್ನೇ ನಾವು ಗೆದ್ದದ್ದು, ಏಕೆಂದರೆ ಅಲ್ಲಿ ಅವನಿಗೆ ಕರುಣೆ ತೋರಿಸಲು ಪುರುಸೊತ್ತು ಸಿಗಲಿಲ್ಲ. ಮೆಟ್ಟಿಲ ಮೇಲಿನ ಪಂಡಿತರು ಮಾತ್ರ ಸೋಲಿಗೆ ಬೇರೆ ಬೇರೆ ಕಾರಣ ಹೇಳಿದರು. ಕೆಮಿಸ್ಟ್ರಿ ಲೆಕ್ಚರರ್ ಪ್ರಕಾರ ನೆಲ ಜಾರುತ್ತಿತ್ತು. ಗೇಟಿನ ವಾಚ್‌ಮನ್ ಪ್ರಕಾರ ರೆಫರಿಗೆ ಕಣ್ಣಿರಲಿಲ್ಲ. ಬೆಂಚಿನ ತುದಿಯಲ್ಲಿ ನಿಂತಿದ್ದ ಧರ್ಮಾತ್ಮನ ಕಡೆ ಒಬ್ಬರೂ ಬೆರಳು ತೋರಿಸಲಿಲ್ಲ. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಇಷ್ಟವಾಗದೆ ಏನು, ಎಲ್ಲರಿಗೂ ಸೀಟು ಬಿಟ್ಟುಕೊಡುವವನು!

ಇಂಥವನೂ ಒಬ್ಬನನ್ನು ಮಾತ್ರ ಆಟಕ್ಕೆ ಇಳಿಸಿರಲಿಲ್ಲ. ಹದಿನಾಲ್ಕನೇ ನಂಬರಿನವನು. ಆ ಹುಡುಗನ ಕೈಯಲ್ಲಿ ಚೆಂಡು ನಿಂತದ್ದನ್ನು ನಾನಂತೂ ಕಾಣೆ. ಪ್ರಾಕ್ಟೀಸಿನಲ್ಲಿ ಚೆಂಡು ಅವನ ಮುಖಕ್ಕೆ ಬಡಿಯುತ್ತಿತ್ತು, ಅವನು ಚೆಂಡಿಗೇ ಸಾರಿ ಹೇಳುತ್ತಿದ್ದ. ಅವನನ್ನು ಇಳಿಸುವ ಧೈರ್ಯ ನನ್ನ ತಮ್ಮನಿಗೂ ಬಂದಿರಲಿಲ್ಲ.

ತಂಡದ ಜೆರ್ಸಿ ಒಗೆಯುವ ಕರ್ಮ ನನ್ನದು. ಆಟಗಾರರೇ ಒಗೆದುಕೊಳ್ಳಲಿ ಎಂದು ಕಾಲೇಜಿನವರು ಹೇಳಿದರೆ, "ಹಾಸ್ಟೆಲ್ ಹುಡುಗ್ರು ಪಾಪ" ಎಂದು ಇವನು ಚೀಲ ಹೊತ್ತು ತಂದು ನನ್ನ ಬಚ್ಚಲಲ್ಲಿ ಇಳಿಸುತ್ತಾನೆ. ನಾನು ಒಂದೊಂದನ್ನೂ ಮೂಗಿಗೆ ಹಿಡಿದು ಬೇರೆ ಮಾಡುತ್ತೇನೆ. ಗಬ್ಬು ನಾರುವುದನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಸ್ವಲ್ಪ ನಾರುವುದನ್ನು ನೇರ ಮಶೀನಿಗೆ ಹಾಕಿ, ನಾರದೇ ಇರುವುದನ್ನು ಹಾಗೆಯೇ ಮಡಚಿ ಇಡುವುದು ನನ್ನ ಕ್ರಮ. ಹದಿನಾಲ್ಕು ಯಾವಾಗಲೂ ಮಡಚುವ ಪಾಲಿಗೆ.

ಸೀಸನ್ ಅರ್ಧ ಕಳೆದ ಮೇಲೆ ಹದಿನಾಲ್ಕು ಒದ್ದೆಯಾಗಿ ಬರತೊಡಗಿತು. ಮೂಗಿಗೆ ಹಿಡಿದೆ. ಬೆವರಿಲ್ಲ, ಬರೀ ನಲ್ಲಿಯ ನೀರು. ನನಗೆ ನಗು ತಡೆಯಲಾಗಲಿಲ್ಲ, ಈ ವಿದ್ಯೆ ನನಗೆ ಹಳೆಯದು. ನನ್ನ ತಮ್ಮ ಕಾಲೇಜು ತಂಡದಲ್ಲಿದ್ದ ಕಾಲದಲ್ಲಿ ಒಂದು ದಿನವೂ ಆಟಕ್ಕೆ ಇಳಿದವನಲ್ಲ. ಮನೆಗೆ ಬರುವ ಮುಂಚೆ ಹಿತ್ತಲಿನ ನಲ್ಲಿಗೆ ಜೆರ್ಸಿ ಒಡ್ಡಿ, ಮೈಗಂಟಿಸಿಕೊಂಡು ಒಳಗೆ ಬರುತ್ತಿದ್ದ. ಅಪ್ಪ ಅದನ್ನು ನೋಡಿ ನೆರೆಯವರಿಗೆಲ್ಲ, "ಹೆಂಗೆ ಆಡಿ ಬಂದಿದಾನೆ ನೋಡಿ ನನ್ಮಗ" ಎಂದು ಬೀಗುತ್ತಿದ್ದರು. ಆಗಲೂ ಒಗೆಯುತ್ತಿದ್ದವಳು ನಾನೇ. ಅಪ್ಪನಿಗೆ ಹೇಳಲಿಲ್ಲ. ಅಪ್ಪನ ಸಂತೋಷ ಕೆಡಿಸಿ ನನಗೆ ಆಗಬೇಕಾದದ್ದೇನಿತ್ತು?

ಕೊನೆಯ ಲೀಗ್ ಆಟದ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ತಮಾಷೆಗೆಂದು ಹೇಳಿದೆ.

"ನಿನ್ನ ಹದಿನಾಲ್ಕು ಜೆರ್ಸೀನ ನಲ್ಲೀಲಿ ನೆನೆಸ್ಕೊಂಡು ಬರ್ತಾನೆ ಕಣೋ. ಥೇಟ್ ನಿನ್ನ ಹಾಗೇನೇ."

ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

"ನಿಂಗೆ ಗೊತ್ತಿತ್ತಾ ಅಕ್ಕ?"

"ನಂಗೆ ಮೂಗಿಲ್ವಾ?"

ತಟ್ಟೆಯಲ್ಲಿ ಅರ್ಧ ಹಾಗೆಯೇ ಬಿಟ್ಟು ಎದ್ದು ಕೈ ತೊಳೆದ. ಇಷ್ಟು ವರ್ಷವೂ ಮನೆಯವರನ್ನೆಲ್ಲ ಏಮಾರಿಸಿದ್ದೇನೆ ಎಂದುಕೊಂಡಿದ್ದನಂತೆ, ಪೆದ್ದ.

ಮರುದಿನದ ಆಟ ಗೆದ್ದರೆ ಸೆಮಿಫೈನಲ್, ಅವನ ಕೆಲಸವೂ ಗಟ್ಟಿ. ಪ್ರಾಂಶುಪಾಲರೇ ಮುಂದಿನ ಕುರ್ಚಿಯಲ್ಲಿ ಬಂದು ಕೂತಿದ್ದರು. ಹುಡುಗರು ಎಂದೂ ಆಡದ ಹಾಗೆ ಆಡಿದರು. ಕೊಕ್ಕರೆಯನ್ನು ಕಂಡು ನನಗೇ ಅಭಿಮಾನ ಬಂತು ಎಂದರೆ ನೋಡಿ. ಕೊನೆಯ ಕೆಲವು ನಿಮಿಷ ಉಳಿದಿದ್ದಾಗಲೂ ನಾವೇ ಮುಂದಿದ್ದೆವು. ಆಗ ನನ್ನ ತಮ್ಮ ಬೆಂಚಿನ ಕಡೆ ತಿರುಗಿದ.

"ಬೇಡ್ವೋ!" ಎಂದು ಮೇಲಿನಿಂದ ಕಿರುಚಿದೆ. ಇಡೀ ಹಾಲ್ ನನ್ನತ್ತ ತಿರುಗಿತು, ಅವನೊಬ್ಬ ತಿರುಗಲಿಲ್ಲ. ಕೊಕ್ಕರೆಯನ್ನು ಕರೆದು, ಹದಿನಾಲ್ಕರ ಬೆನ್ನು ತಟ್ಟಿ ಒಳಗೆ ಕಳಿಸಿದ. ಕೊಕ್ಕರೆ ಟವೆಲನ್ನು ನೆಲಕ್ಕೆ ಎಸೆದ.

ಹದಿನಾಲ್ಕು ಬಾಲ ಸುಟ್ಟ ಬೆಕ್ಕಿನಂತೆ ಓಡಿತು. ಚೆಂಡು ಇದ್ದ ಕಡೆಗೂ ಓಡಿತು, ಇಲ್ಲದ ಕಡೆಗೂ ಓಡಿತು. ಪಾಸ್ ಕೊಟ್ಟರೆ ಹಿಡಿಯಲಿಲ್ಲ, ಹಿಡಿದಾಗ ಎದುರಾಳಿಯ ಕೈಗೇ ಕೊಟ್ಟಿತು. ಮುನ್ನಡೆ ಕರಗಿ ನಾವು ಒಂದು ಪಾಯಿಂಟ್ ಹಿಂದೆ ಬಿದ್ದೆವು. ಕೊನೆಯ ಸೆಕೆಂಡಿನಲ್ಲಿ ಯಾರೋ ಅವನನ್ನೇ ತಳ್ಳಿ ಬೀಳಿಸಿ, ಎರಡು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಗೆಲುವು. ಮೊದಲನೆಯದು ರಿಂಗನ್ನಷ್ಟೇ ಅಲ್ಲ, ಬೋರ್ಡನ್ನೂ ಮುಟ್ಟಲಿಲ್ಲ. ಎರಡನೆಯದು ರಿಂಗಿನ ಮೇಲೆ ಸುತ್ತು ಹಾಕಿ ಆಚೆ ಬಿತ್ತು.

ಸೋತೆವು. ಹಾಲಿನಲ್ಲಿ ಬೈಗುಳದ ಸುರಿಮಳೆ, ಎಲ್ಲರಿಗಿಂತ ಜೋರಾಗಿ ನನ್ನದೇ. ಪ್ರಾಂಶುಪಾಲರು ಕುರ್ಚಿ ಸರಿಸಿ ಎದ್ದು ಹೋದರು. ನನ್ನ ತಮ್ಮ ಮಾತ್ರ ಹದಿನಾಲ್ಕರ ಮುಂದೆ ನಿಂತು, ಕಪ್ ಗೆದ್ದವರಿಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದ.

ಸಂಜೆ ಚೀಲ ಹೊತ್ತು ಬಂದ. ಕೆಲಸ ಹೋಗಿತ್ತು.

"ಇನ್ಮೇಲೆ ಅಂಗಡೀಲಿ ಕೂರ್ತೀನಿ ಅಕ್ಕ."

"ಕೂತ್ಕೋ. ಊರಿಗೆಲ್ಲ ಬಿಟ್ಟಿ ಜೆರಾಕ್ಸ್ ಕೊಡು. ಇಬ್ರೂ ಸೇರಿ ಬೀದಿಗೆ ಬೀಳೋಣ."

ಅವನು ಬಚ್ಚಲ ಬಾಗಿಲಿಗೆ ಒರಗಿ ನಿಂತ. ನಾನು ಸಿಟ್ಟಿನಲ್ಲೇ ಒಂದೊಂದನ್ನೂ ಮೂಗಿಗೆ ಹಿಡಿದು ಎಸೆಯುತ್ತಿದ್ದೆ. ಹದಿನಾಲ್ಕು ಕೈಗೆ ಬಂದಾಗ ಅಭ್ಯಾಸದಂತೆ ಮಡಚಲು ಹೋಗಿ, ತಲೆ ಹಿಂದಕ್ಕೆ ಎಳೆದುಕೊಂಡೆ.

"ಥೂ! ನಾರ್ತಿದೆ."

"ಯಾವ್ದು?"

"ಇನ್ಯಾವ್ದು, ನಿನ್ನ ಹದಿನಾಲ್ಕು."

"ನಿಜವಾಗ್ಲೂ ನಾರ್ತಿದೆಯಾ ಅಕ್ಕ?"

"ಹೊಟ್ಟೆ ತೊಳೆಸೋ ಹಾಗೆ ನಾರ್ತಿದೆ ಕಣೋ!"

ಅವನ ಮುಖ ನೋಡಬೇಕಿತ್ತು. ಅವನು ತಂಡದಲ್ಲಿದ್ದ ಕಾಲದಲ್ಲಿ ಅವನ ಜೆರ್ಸಿಗೆ ನಾನು ಈ ಮಾತು ಒಂದು ಸಲವೂ ಹೇಳಿರಲಿಲ್ಲ. ಕೆಲಸ ಕಳೆದುಕೊಂಡು ಬಂದವನು ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದ. ಇಂಥವನಿಗೆ ಏನು ಹೇಳುವುದು? ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಹದಿನಾಲ್ಕನ್ನು ಬಕೆಟ್ಟಿಗೆ ಹಾಕಿ, ಇನ್ನೊಂದು ಹಿಡಿ ಸೋಪಿನ ಪುಡಿ ಸುರಿದೆ.