ಕಂಪ್ಯೂಟರಿನೊಳಗೆ ಪದ್ಮವ್ವ

ವಡಗಾವಿಯ ಮಗ್ಗಗಳು ಏಳುವ ಮೊದಲೇ ಪದ್ಮವ್ವ ಏಳಬೇಕು. ಒಂದು ಮಗ್ಗ ಖಟಖಟ ಎಂದಿತೋ, ಓಣಿಗೆ ಓಣಿಯೇ ದನಿಗೂಡಿಸುತ್ತದೆ. ಆಮೇಲೆ ಮೈಕಿನ ಮುಂದೆ ಏನು ಹೇಳಿದರೂ ಸೀರೆ ನೇಯುವ ಸದ್ದೇ ಕೇಳುವುದು. ಹಾಗಾಗಿ ಇನ್ನೂ ಮಬ್ಬು ಬೆಳಕಿರುವಾಗಲೇ ವ್ಯಸನಮುಕ್ತಿ ಕೇಂದ್ರದ ಹಿಂದಿನ ಕೋಣೆಯಲ್ಲಿ ಅವರು ಕಿಟಕಿಗೆ ಕೌದಿ ಕಟ್ಟುತ್ತಾರೆ, ಫ್ಯಾನ್ ಆರಿಸುತ್ತಾರೆ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕುತ್ತಾರೆ. ಸಂಬಳ ಕಸ ಗುಡಿಸುವ ಆಯಾದ್ದು. ಆದರೆ ಈ ಕೋಣೆಯ ಕಂಪ್ಯೂಟರ್ ಮಾತಾಡುವುದು ಅವರ ದನಿಯಲ್ಲಿ.

ಕುಡಿತಕ್ಕೆ, ಗಾಂಜಾಕ್ಕೆ ಬಿದ್ದ ಹದಿಹರೆಯದ ಹುಡುಗರಿಗೆಂದು ಹೋದ ವರ್ಷ ಬಂದ ಕಂಪ್ಯೂಟರ್ ಇದು. ಹುಡುಗ ಒಬ್ಬನೇ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ದನಿ ಕೇಳುತ್ತದೆ, ಅವನು ಗುಂಡಿ ಒತ್ತಿ ಉತ್ತರಿಸುತ್ತಾನೆ. ಯಾವ ಹೊತ್ತಿಗೆ ಆಸೆ ಹುಟ್ಟುತ್ತದೆ, ಯಾರ ಜತೆಗಿದ್ದಾಗ, ಆಗ ಎದ್ದು ಎಲ್ಲಿಗೆ ಹೋಗಬಹುದು, ಗೆಳೆಯ ‘ಒಂದ ದಮ್ ಎಳಿ’ ಎಂದು ಚಾಚಿದರೆ ಗೆಳೆತನ ಕೆಡದಂತೆ ಒಲ್ಲೆ ಅನ್ನುವುದು ಹೇಗೆ, ಎಲ್ಲವನ್ನೂ ಅಲ್ಲೇ ರೂಢಿ ಮಾಡಿಸುತ್ತದೆ. ಬೈಯುವವರಿಲ್ಲ, ಅಪ್ಪನಿಗೆ ಚಾಡಿ ಹೇಳುವವರಿಲ್ಲ. ದಿನಕ್ಕೆ ಆರೆಂಟು ಹುಡುಗರು ಬರುತ್ತಾರೆ.

ಮೊದಲು ಅದರಲ್ಲಿದ್ದದ್ದು ಸುದ್ದಿ ಓದುವ ಠೀವಿಯ ದನಿ. “ತಾವು ಕಳೆದ ವಾರ ಮದ್ಯಪಾನ ಮಾಡಿದ್ದೀರಾ?” ಎಂದು ಕೇಳಿದರೆ ಹುಡುಗರು ಬಿದ್ದುಬಿದ್ದು ನಗುತ್ತಿದ್ದರು. ಒಂದು ದಿನ ಖಾನಾಪುರ ಕಡೆಯ ಮರಾಠಿ ಹುಡುಗನೊಬ್ಬ ಹೆದರಿ ಬಾಗಿಲಲ್ಲೇ ನಿಂತಾಗ ಪದ್ಮವ್ವ ಕಸಬರಿಗೆ ಬದಿಗಿಟ್ಟು, “ಬಸ ಬಾಳಾ, ಘಾಬರೂ ನಕೋ” ಎಂದರು. ಕೂರಪ್ಪ, ಹೆದರಬೇಡ ಎಂದಷ್ಟೇ. ಹುಡುಗ ಕೂತ. ಕೇಂದ್ರ ನಡೆಸುವ ಉಳವಪ್ಪ ಸರ್ ಅದನ್ನು ಕೇಳಿಸಿಕೊಂಡರು. ಪದ್ಮವ್ವ ಗಡಿಯ ಕಡೆಯ ಪಾರಿಶ್ವಾಡದವರು, ಕನ್ನಡ ಮರಾಠಿ ಎರಡೂ ನಾಲಿಗೆಯ ಮೇಲಿವೆ. ಮರುವಾರವೇ ಅವರನ್ನು ಮೈಕಿನ ಮುಂದೆ ಕೂರಿಸಿದರು.

“ನನಗ ಓದಾಕ ಬರೂದಿಲ್ರೀ. ಸರ್ ಒಂದೊಂದ ಮಾತ ಹೇಳತಿದ್ರು, ನಾ ನಮ್ಮನಿ ಹುಡುಗಗ ಹೇಳಿದಂಗ ಹೇಳತಿದ್ದೆ” ಎನ್ನುತ್ತಾರೆ ಪದ್ಮವ್ವ.

ಎಡವಟ್ಟಾದದ್ದು ಅಲ್ಲೇ. ಗಂಡ ಸಿದರಾಯ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಮಗ ಬಾಳೇಶ. ಹದಿನೇಳರ ಹುಡುಗ, ಗಾಂಜಾಕ್ಕೆ ಬಿದ್ದಿದ್ದ. ಪಾಠಕ್ಕೊಂದು ಕಥೆ ಬೇಕು ಎಂದಾಗ ಪದ್ಮವ್ವನ ಬಾಯಿಗೆ ಬಂದದ್ದು ಮನೆಯದೇ ಕಥೆ. ಒಬ್ಬ ಹುಡುಗ ಜೋಳದ ಡಬ್ಬಿಯಲ್ಲಿ ಗಾಂಜಾ ಪುಡಿಕೆ ಬಚ್ಚಿಟ್ಟಿರುತ್ತಾನೆ. ತಿಳಿಯದ ತಾಯಿ ಜೋಳ ಒಯ್ದು ಗಿರಣಿಯಲ್ಲಿ ಸುರಿಯುತ್ತಾಳೆ, ಪುಡಿಕೆ ಹತ್ತು ಹೆಂಗಸರ ಮುಂದೆ ಬೀಳುತ್ತದೆ. ಹೆಸರು ಹೇಳಲಿಲ್ಲ, ನಿಜ. ಹುಡುಗರು ಈ ಪಾಠವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಾರೆ. ಮೊದಲು ನಗುತ್ತಾರೆ, ಆಮೇಲೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ.

ಕೊನೆಗೆ ಬಾಳೇಶನನ್ನೇ ಕೈಕಾಲು ಬಿದ್ದು ಕರೆತಂದರು. ಅವನು ಹೆಡ್‌ಫೋನ್ ಹಾಕಿಕೊಂಡ. ಪದ್ಮವ್ವ ಹೊರಗೆ ಕಂಬಕ್ಕೊರಗಿ ನಿಂತಿದ್ದರು.

“ಹೊರಗ ಬಂದವನ, ‘ಮನ್ಯಾಗೂ ನೀನ, ಪೆಟ್ಟಿಗ್ಯಾಗೂ ನೀನ. ಗಿರಣ್ಯಾಗ ಹೋದ ಮಾನ ಸಾಲಲಿಲ್ಲಂತ ಊರಿಗೆಲ್ಲಾ ಹಂಚಿದೇನ?’ ಅಂದ. ಅಂವ ಅಂದದ್ದು ಖರೇನ ಐತಲ್ರೀ.”

ಅಂದು ಹೋದವನು ಈಗ ಖಾನಾಪುರದಲ್ಲಿ ಗೆಳೆಯರ ಕೋಣೆಯಲ್ಲಿದ್ದಾನೆ. ಸೆಂಟ್ರಿಂಗ್ ಕೆಲಸದ ಕೂಲಿಯನ್ನೆಲ್ಲ ಸೇದಿ ಮುಗಿಸುತ್ತಾನಂತೆ. ನೆರೆಯವರು ‘ಊರಿಗೆ ಉಪಕಾರಿ, ಮನಿಗೆ ಮಾರಿ’ ಎಂದು ಪದ್ಮವ್ವನ ಎದುರಿಗೇ ಆಡುತ್ತಾರೆ. ಆಡುವ ನಾಲಿಗೆಗೇನು, ಮೂಳೆಯೇ?

ಆ ಕಥೆ ತೆಗೆಯಿರಿ ಎಂದು ಅವರು ಉಳವಪ್ಪ ಸರ್ ಅವರನ್ನು ಬೇಡಿಕೊಂಡಿದ್ದೂ ಆಯಿತು. “ಹುಡುಗೂರನ್ನ ಹಿಡದ ಕೂಡ್ರಸೂದ ಆ ಪಾಠ, ಪದ್ಮವ್ವ. ತಗದ್ರ ಉಳದವ್ರ ಗತಿ ಏನು?” ಎಂದರು ಸರ್. ಅವರ ಮಾತೂ ಸುಳ್ಳಲ್ಲ, ಸಂಕಟವಿರುವುದೇ ಅಲ್ಲಿ. ಮೊನ್ನೆ ಗಣ್ಯರು ಬಂದು ಕಂಪ್ಯೂಟರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡರು. “ನಮ್ಮ ಕಡಿ ಮಾತ ಎಷ್ಟ ಚಂದ ಕಲತೈತಿ ನೋಡ್ರಿ ಈ ಮಷಿನ್” ಎಂದು ಒಬ್ಬರು ಬೆರಗಾದರು. ಅವರ ಕೈಗೆ ಚಹಾ ಕೊಟ್ಟವರು ಪದ್ಮವ್ವ.

ಬರುವ ತಿಂಗಳು ಖಾನಾಪುರಕ್ಕೂ ಒಂದು ಕಂಪ್ಯೂಟರ್ ಹೋಗುತ್ತದೆ. ಉಳವಪ್ಪ ಸರ್ ಬಾಳೇಶನನ್ನು ಹುಡುಕಿಕೊಂಡು ಹೋಗಿ, ಅಲ್ಲಿಗಾದರೂ ಬರುತ್ತೀಯಾ ಎಂದು ಕೇಳಿದಾಗ, “ಅವ್ವನ ದನಿ ಇರದಿದ್ರ ನೋಡೂಣು” ಎಂದನಂತೆ. ಅಷ್ಟೇ ಸಾಕಾಯಿತು. ಪದ್ಮವ್ವ ಹಟ ಹಿಡಿದರು: ಖಾನಾಪುರದ್ದರಲ್ಲಿ ತಮ್ಮ ದನಿ ಇರಕೂಡದು, ಗಿರಣಿಯ ಕಥೆಯೂ ಇರಕೂಡದು. ಸರ್ ಒಪ್ಪಿದರು.

ಅದಕ್ಕೇ ಇಂದು ಕೌದಿ ಕಟ್ಟಿದ ಕೋಣೆಯಲ್ಲಿ ಮೈಕಿನ ಮುಂದೆ ಕೂತಿರುವುದು ಪಕ್ಕದ ಓಣಿಯಲ್ಲಿ ಕಂಡಿಕೆಗೆ ನೂಲು ಸುತ್ತುವ ಮಾಯಕ್ಕ. ಪದ್ಮವ್ವ ಬಾಜುವಿನಲ್ಲಿ ನೆಲದ ಮೇಲೆ ಕೂತು ಒಂದೊಂದು ಮಾತನ್ನೂ ಹೇಳಿಕೊಡುತ್ತಿದ್ದಾರೆ. ತಮ್ಮ ಜಾಗಕ್ಕೆ ತಾವೇ ಇನ್ನೊಬ್ಬರನ್ನು ತಯಾರು ಮಾಡುವ ಕೆಲಸ.

“ಯಾರ ದನಿ ಆದ್ರೇನ್ರಿ” ಎನ್ನುತ್ತಾರೆ. “ಅಂವ ಎದ್ದ ಹೋಗದ ಪೂರಾ ಕೇಳಿದ್ರ ಸಾಕು.”

ಮಾಯಕ್ಕ ಗಂಟಲು ಸರಿಪಡಿಸಿಕೊಂಡು ಶುರು ಮಾಡುತ್ತಾರೆ: “ಬಾ ಮಗಾ, ಕುಂದರು…”

ಪದ್ಮವ್ವನ ಕೈ ತಟ್ಟನೆ ಮೇಲೇಳುತ್ತದೆ. ಹೊರಗೆ ಮೊದಲ ಮಗ್ಗ ಎದ್ದಿದೆ, ಹೊತ್ತಿಲ್ಲ.

“ಮಗಾ ಅನಬ್ಯಾಡ, ಮಾಯಕ್ಕಾ. ತಮ್ಮಾ ಅನ್ನು. ಮಗಾ ಅಂದ್ರ ಅಂವ ಎದ್ದ ಹೋಗತಾನ.”