ಹುಳುಮನೆಯ ಬಾಗಿಲಲ್ಲಿ

ನಮ್ಮ ಅಕ್ಕೂರಿನಲ್ಲಿ ರೇಷ್ಮೆ ಹುಳು ಹಣ್ಣಾದವು ಎಂದರೆ ಯಾರನ್ನೂ ಕರೆಯಬೇಕಿಲ್ಲ. ಅಕ್ಕಪಕ್ಕದವರು ತಾವೇ ಮುಯ್ಯಿಗೆ ಬರುತ್ತಾರೆ. ಇವತ್ತು ನನ್ನ ಹುಳುಮನೆಗೆ ಅವರು, ನಾಳೆ ಅವರದಕ್ಕೆ ನಾನು. ಹಳದಿ ತಿರುಗಿದ ಹುಳುಗಳನ್ನು ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಅವತ್ತೇ ಮುಗಿಯಬೇಕು. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಬೆಳೆ ಹಾಳು.

ಅದು ಓಮಿಕ್ರಾನ್ ಬಂದ ಚಳಿಗಾಲ. ಹಿಂದಿನ ಅಲೆಗೆ ಬಾಗಿಲು ಹಾಕಿಕೊಂಡು ನಡುಗಿದ್ದ ಊರು, ಇದು ಬರೀ ನೆಗಡಿಯಂತೆ ಎಂದು ಮಾಸ್ಕನ್ನು ಗೂಟಕ್ಕೆ ಸಿಗಿಸಿಬಿಟ್ಟಿತ್ತು. ನಾನೂ ಅಷ್ಟೆ. ಮೂಗು ಸೋರುತ್ತಿತ್ತು, ಮೈ ಬೆಚ್ಚಗಿತ್ತು. ಆಶಾ ಕಾರ್ಯಕರ್ತೆ ಬಂದು ಗಂಟಲ ದ್ರವ ಕೊಡಿ ಎಂದಾಗ, ಹುಳು ಹಣ್ಣಾಗಿವೆ ತಾಯಿ, ಆಮೇಲೆ ನೋಡೋಣ ಎಂದು ಸಾಗಹಾಕಿದೆ. ಕೊರೊನಾ ಎಂದು ಗೊತ್ತಾದರೆ ಮುಯ್ಯಿಗೆ ಯಾರು ಬರುತ್ತಾರೆ ಎಂಬ ಭಯ ನನಗೆ.

ಎಲ್ಲರಿಗಿಂತ ಮೊದಲು ಬಂದವಳು ಪಕ್ಕದ ಮನೆಯ ದೊಡ್ಡವ್ವ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ನನಗೆ ಸಂಜೆ ಮುದ್ದೆ ಸಾರು ತಂದಿಟ್ಟು, ಉಣ್ಣುವ ತನಕ ಹೊಸಿಲ ಮೇಲೆ ಕೂತಿರುತ್ತಿದ್ದವಳು. ನಾನು ಬಾಗಿಲಲ್ಲಿ ನಿಂತು ಎಂದಿನಂತೆ ಜೋರು ಮಾಡಿದೆ: ಸುಣ್ಣದ ಪುಡಿ ತುಳಿದೇ ಬನ್ನಿ, ಕೈಗೆ ಸೋಪು ಹಾಕಿ, ಹುಳಕ್ಕೆ ರೋಗ ತಾಗಬಾರದು. ಚಳಿಗೆ ಹುಳು ಜಡವಾಗದಿರಲೆಂದು ಕಿಟಕಿಗಳನ್ನೂ ಮುಚ್ಚಿದ್ದೆ. ಆ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು, ಮೂಗು ಒರೆಸಿಕೊಳ್ಳುತ್ತ, ದಿನವಿಡೀ ದೊಡ್ಡವ್ವನ ಪಕ್ಕದಲ್ಲೇ ಹುಳು ಆಯ್ದೆ. ಹುಳಕ್ಕೆ ಏನೂ ಆಗಲಿಲ್ಲ. ಗೂಡು ಚೆನ್ನಾಗಿಯೇ ಬಂತು.

ನಾಲ್ಕು ದಿನಕ್ಕೆ ದೊಡ್ಡವ್ವ ಮಲಗಿದಳು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ನನ್ನಿಂದಲೇ ಅಂಟಿತೋ, ಬೇರೆಲ್ಲಿಂದಲೋ ಗೊತ್ತಿಲ್ಲ; ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ. ಊರಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಈಗ ಮುದ್ದೆ ನಾನೇ ತೊಳಸಿಕೊಂಡು, ಹೊಸಿಲಿಗೆ ಬೆನ್ನು ಹಾಕಿ ಉಣ್ಣುತ್ತೇನೆ.

ಈಚೆಗೆ ಟಿ.ವಿ.ಯಲ್ಲಿ ಇನ್ನೊಂದು ರೂಪಾಂತರಿಯ ಸುದ್ದಿ ಬಂತು, ಅಕ್ಷರವೂ ಅಂಕಿಯೂ ಸೇರಿದ ಎಂಥದೋ ಹೆಸರು. ಟೀ ಅಂಗಡಿಯಲ್ಲಿ ಒಬ್ಬನೂ ತಲೆಯೆತ್ತಿ ನೋಡಲಿಲ್ಲ. ಅದೇ ವಾರ ನನ್ನ ಹುಳು ಹಣ್ಣಾದವು, ನನಗೆ ಗಂಟಲು ಕೆರೆತ. ಎಂದಿನಂತೆ ಎಲ್ಲರೂ ಮುಯ್ಯಿಗೆ ಬಂದರು, ದೊಡ್ಡವ್ವನ ಸೊಸೆಯೂ ಬಂದಳು. ನಾನು ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತೆ.

“ನಂಗೆ ಒಸಿ ನೆಗಡಿ ಆಗೈತೆ. ಯಾರೂ ಒಳಿಕ್ಕೆ ಬರಬ್ಯಾಡಿ.”

ಇಷ್ಟಕ್ಕೆಲ್ಲ ಬೆಳೆ ಕೆಡಿಸಿಕೊಳ್ಳುತ್ತಾನಲ್ಲ ಎಂದು ನಗಾಡಿಕೊಂಡು ಉಳಿದವರು ಹೊರಟರು. ಸೊಸೆ ಮಾತ್ರ ಸುಣ್ಣದ ಪುಡಿಯ ಆಚೆ ನಿಂತೇ ಇದ್ದಳು.

“ಅವತ್ತೂ ಹಿಂಗೇ ಯೋಳ್ಬೋದಿತ್ತಲ್ಲ, ಬಾವ.”

ಬೈಯುವ ದನಿಯಲ್ಲ ಅದು. ಹೇಳಿ, ಸೆರಗು ಸರಿಮಾಡಿಕೊಂಡು ಹೋದಳು. ನಾನು ಒಳಗೆ ಬಂದು ಒಬ್ಬನೇ ಆಯಲು ಕೂತೆ. ಸಂಜೆಯ ಹೊತ್ತಿಗೆ ಅರ್ಧ ಹುಳು ತಟ್ಟೆಯಲ್ಲೇ ನೂಲು ಬಿಟ್ಟಿದ್ದವು. ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಗೊತ್ತಿದ್ದೂ ಪ್ರತಿ ಬೆಳೆಗೂ ಮುಯ್ಯಿಗೆ ಬಂದಿದ್ದಳು.